ಎರಡು ಪಿಯಾನೋ, ಎರಡು ಬಗೆಯ ಏಕಾಂತ

ಪಾಶ್ಚಾತ್ಯ ಸಂಗೀತವೆಂದರೆ ಗದ್ದಲ ಎಂಬ ಕಲ್ಪನೆ ನಮ್ಮಲ್ಲಿ ಹಲವರಿಗಿದೆ. ಅದನ್ನು ಸುಳ್ಳು ಮಾಡುವ ಎರಡು ಆಲ್ಬಮ್‌ಗಳು 2024ರ ಆರಂಭದ ತಿಂಗಳುಗಳಲ್ಲಿ ಹೊರಬಂದವು. ಒಂದು, ದಕ್ಷಿಣ ಆಫ್ರಿಕಾದ ಜಾಝ್ ಪಿಯಾನೋ ವಾದಕ ಅಬ್ದುಲ್ಲಾ ಇಬ್ರಾಹೀಮರ ‘3’. ಇನ್ನೊಂದು, ಅಮೆರಿಕದ ಗಾಯಕಿ ನೋರಾ ಜೋನ್ಸ್‌ರ ‘ವಿಷನ್ಸ್’.

ನೋರಾ ಸಿತಾರ್ ಮಾಂತ್ರಿಕ ರವಿಶಂಕರರ ಪುತ್ರಿ. ಹಾಗೆಂದು ಅವರ ಹಾಡಿನಲ್ಲಿ ನಮ್ಮ ರಾಗಗಳನ್ನು ಹುಡುಕುವುದು ಅವರಿಗೆ ಮಾಡುವ ಅನ್ಯಾಯ. 2002ರಲ್ಲಿ ಇಸ್ತಾಂಬುಲ್ ಮೂಲದ ನಿರ್ಮಾಪಕ ಆರಿಫ್ ಮರ್ದಿನ್ ಜೊತೆಗೂಡಿ ಅವರು ತಂದ ‘ಕಮ್ ಅವೇ ವಿತ್ ಮಿ’ ಕೋಟ್ಯಂತರ ಜನರ ಮನೆ ಸೇರಿತು. ಅದರ ಶಕ್ತಿಯಿದ್ದುದು ಸರಳತೆಯಲ್ಲಿ: ಒಂದು ಕಂಠ, ತುಸು ಹಿಂಜರಿಯುವ ಒಂದು ಪಿಯಾನೋ.

‘ವಿಷನ್ಸ್’ ಹಾಗಿಲ್ಲ. ಇಲ್ಲಿನ ಅನೇಕ ಹಾಡುಗಳ ಎಳೆ ನಡುರಾತ್ರಿಯಲ್ಲಿ, ನಿದ್ದೆಗೆ ಜಾರುವ ಹೊತ್ತಿನಲ್ಲಿ ಹೊಳೆಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಹೆಚ್ಚಿನ ವಾದ್ಯಗಳನ್ನು ಅವರೂ ನಿರ್ಮಾಪಕ ಲಿಯಾನ್ ಮಿಶೆಲ್ಸರೂ ತಾವೇ ನುಡಿಸಿದ್ದಾರೆ. ಲಯದಲ್ಲಿ ಲವಲವಿಕೆಯಿದೆ, ಕೇಳಲು ಹಿತವಾಗಿದೆ. ಆದರೆ ದನಿಯ ಮೇಲೆ ದನಿ ಪದರ ಪದರವಾಗಿ ಬಂದು ಕೂತಾಗ ಪಿಯಾನೋ ಹಿಂದಿನ ಸಾಲಿಗೆ ಸರಿಯುತ್ತದೆ. ಹಾಡು ಮುಗಿದ ಮೇಲೆ ಹಿತವೊಂದು ಉಳಿಯುತ್ತದೆ, ನೆನಪು ಉಳಿಯುವುದಿಲ್ಲ. 2025ರಲ್ಲಿ ಇದಕ್ಕೆ ಗ್ರ್ಯಾಮಿ ಬಂದಿದೆ, ಸಂತೋಷ. ಆದರೂ ಈ ದೂರನ್ನು ನಾನು ಹಿಂತೆಗೆದುಕೊಳ್ಳಲಾರೆ.

ಅಬ್ದುಲ್ಲಾ ಇಬ್ರಾಹೀಮರದು ಬೇರೆಯೇ ದಾರಿ. 1934ರಲ್ಲಿ ಕೇಪ್‌ಟೌನಿನಲ್ಲಿ ಹುಟ್ಟಿದ ಅವರು ವರ್ಣಭೇದದ ನಾಡನ್ನು ತೊರೆದು ಯುರೋಪಿಗೆ ಹೋದರು. 1963ರಲ್ಲಿ ಜ್ಯೂರಿಕ್‌ನಲ್ಲಿ ಅವರ ವಾದನ ಕೇಳಿದ ಡ್ಯೂಕ್ ಎಲಿಂಗ್ಟನ್ ಅವರನ್ನು ಜಗತ್ತಿಗೆ ಪರಿಚಯಿಸಿದರು. ಡಾಲರ್ ಬ್ರ್ಯಾಂಡ್ ಎಂದೇ ಹೆಸರಾಗಿದ್ದ ಅವರು 1968ರಲ್ಲಿ ಇಸ್ಲಾಂ ಸ್ವೀಕರಿಸಿದರು. 1974ರಲ್ಲಿ ತಾಯ್ನಾಡಿನಲ್ಲೇ ಧ್ವನಿಮುದ್ರಿಸಿದ ‘ಮಾನೆನ್‌ಬರ್ಗ್’ ಕೃತಿಗೆ, ಮನೆಗಳಿಂದ ಎಬ್ಬಿಸಲ್ಪಟ್ಟವರನ್ನು ತಂದು ಹಾಕಿದ್ದ ಬಡಾವಣೆಯೊಂದರ ಹೆಸರು. ಭಾಷಣವಿಲ್ಲದ, ಘೋಷಣೆಯಿಲ್ಲದ ಆ ವಾದ್ಯಕೃತಿ ವರ್ಣಭೇದದ ವಿರುದ್ಧದ ಹೋರಾಟದ ಗೀತೆಯಾಯಿತು.

ಲಂಡನಿನ ಬಾರ್ಬಿಕನ್ ಸಭಾಂಗಣದಲ್ಲಿ 2023ರ ಜುಲೈನಲ್ಲಿ ‘3’ ಧ್ವನಿಮುದ್ರಣಗೊಂಡಾಗ ಅವರಿಗೆ 88 ವರ್ಷ. ಡ್ರಮ್ ಇಲ್ಲ. ಕ್ಲೀವ್ ಗೈಟನ್‌ರ ಕೊಳಲು, ನೋವಾ ಜಾಕ್ಸನ್‌ರ ಬಾಸ್ ಮತ್ತು ಚೆಲ್ಲೋ, ಇವರ ಪಿಯಾನೋ, ಅಷ್ಟೆ. ಮೊದಲ ಭಾಗವನ್ನು ಶ್ರೋತೃಗಳಿಲ್ಲದೆ, ಎರಡನೆಯದನ್ನು ಸಭೆಯ ಮುಂದೆ ನುಡಿಸಿದ್ದಾರೆ. ಸಂಗಡಿಗರು ನುಡಿಸುವಾಗ ಹಿರಿಯರು ಸುಮ್ಮನಿರುತ್ತಾರೆ. ಆಮೇಲೆ ನಾಲ್ಕೇ ಸ್ವರ, ಮತ್ತೆ ಮೌನ. ಬೆರಳುಗಳ ವೇಗ ತಗ್ಗಿದೆ, ನಿಜ. ಆದರೆ ಯಾವ ಸ್ವರವನ್ನು ಬಿಡಬೇಕೆಂಬ ವಿವೇಕ ಹರಿತವಾಗಿದೆ. ಕೊಳಲಿನ ಚಮತ್ಕಾರ ಅಲ್ಲಲ್ಲಿ ಈ ನೆಮ್ಮದಿಯನ್ನು ಕಲಕುತ್ತದೆ. ಎರಡು ಭಾಗಗಳ ಉದ್ದವೂ ತಾಳ್ಮೆ ಬೇಡುತ್ತದೆ.

ಆದರೂ ನನ್ನ ಓಟು ‘3’ಕ್ಕೆ. ನೆಮ್ಮದಿಯೂ ಮಾರಾಟದ ಸರಕಾಗಿರುವ ಕಾಲವಿದು. ನಿದ್ದೆಗೊಂದು ಹಾಡು, ಓದಿಗೊಂದು ಹಾಡು ಎಂದು ಮೊಬೈಲೇ ಆರಿಸಿ ಕೊಡುತ್ತದೆ. ‘ವಿಷನ್ಸ್’ ಆ ಪಟ್ಟಿಯಲ್ಲಿ ಸಲೀಸಾಗಿ ಬೆರೆತುಹೋಗುತ್ತದೆ. ‘3’ ಬೆರೆಯುವುದಿಲ್ಲ. ಬೇರೆ ಕೆಲಸ ಮಾಡುತ್ತಾ ಕೇಳಿದರೆ ಅದು ಏನನ್ನೂ ಕೊಡುವುದಿಲ್ಲ. ಮನೆಮಂದಿ ಮಲಗಿದ ಮೇಲೆ ಅರ್ಧ ಗಂಟೆ ಅದರೆದುರು ಸುಮ್ಮನೆ ಕೂತು ನೋಡಿ. ನೆಲೆ ಕಳೆದುಕೊಂಡವನೊಬ್ಬ ಆರು ದಶಕ ನುಡಿಸಿ ಗಳಿಸಿದ ಶಾಂತಿ ಎಂಥದೆಂದು ತಿಳಿದೀತು.