ಅರಣ್ಯ ಸ್ನಾನದ ಲಾಭವೆಷ್ಟು?

ಜಪಾನಿನ ನಾಗಾನೊ ಪ್ರಾಂತ್ಯದ ಕಿಸೊ ಕಣಿವೆಯಲ್ಲಿ ಅಕಾಸಾವಾ ಎಂಬ ಕಾಡಿದೆ. ಮುನ್ನೂರು ವರ್ಷ ದಾಟಿದ ಹಿನೋಕಿ ಮರಗಳ ಕಾಡು ಅದು. ಇಸೆ ದೇಗುಲವನ್ನು ಇಪ್ಪತ್ತು ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುವಾಗ ಈ ಕಣಿವೆಯ ಮರಗಳನ್ನು ಬಳಸುತ್ತಾರೆ. ದೊರೆಗಳ ಕಾಲದಲ್ಲಿ ಇಲ್ಲಿ ಕದ್ದು ಹಿನೋಕಿ ಕಡಿದವನಿಗೆ ತಲೆದಂಡವಿತ್ತು. 1982ರಲ್ಲಿ ಅರಣ್ಯ ಇಲಾಖೆಯ ಮುಖ್ಯಸ್ಥರಾಗಿದ್ದ ತೊಮೊಹಿದೆ ಅಕಿಯಾಮಾ ‘ಶಿನ್‌ರಿನ್-ಯೊಕು’ ಎಂಬ ಅರಣ್ಯ ಸ್ನಾನದ ಕಲ್ಪನೆ ಮುಂದಿಟ್ಟಾಗ ಜನರನ್ನು ಕರೆತಂದದ್ದೂ ಇಲ್ಲಿಗೇ. ಎಲ್ಲಿಗೋ ತಲುಪುವ ಆತುರವಿಲ್ಲದೆ ನಡೆಯುವುದು, ನಿಲ್ಲುವುದು, ತೊಗಟೆ ಮುಟ್ಟುವುದು, ಮಣ್ಣಿನ ವಾಸನೆ ಹೀರುವುದು, ಹಕ್ಕಿಗೆ ಕಿವಿಗೊಡುವುದು. ಕ್ರಮ ಇಷ್ಟೇ.

ಇದು ಆಸ್ಪತ್ರೆಯಲ್ಲಿ ಹುಟ್ಟಿದ್ದಲ್ಲ. ಸರ್ಕಾರಿ ಇಲಾಖೆ ಜನರನ್ನು ಕಾಡಿಗೆ ಕರೆಯಿತು. ಪುರಾವೆಯ ಹುಡುಕಾಟ ಆಮೇಲೆ ಶುರುವಾಯಿತು. ಇದರ ಹಿರಿಮೆಯನ್ನು ತೂಗುವಾಗ ಈ ಹಿಂದುಮುಂದನ್ನು ಮರೆಯಬಾರದು.

ಹೆಚ್ಚು ಹೆಸರು ಮಾಡಿದ್ದು ಟೋಕಿಯೊದ ನಿಪ್ಪಾನ್ ವೈದ್ಯಕೀಯ ಕಾಲೇಜಿನ ಚಿಂಗ್ ಲಿ ಅವರ ಅಧ್ಯಯನಗಳು. 2005ರಲ್ಲಿ ಅವರು ನಗರದ 12 ಪುರುಷ ಉದ್ಯೋಗಿಗಳನ್ನು ಮೂರು ದಿನ ನಾಗಾನೊದ ಈಯಾಮಾ ಕಾಡುಗಳಲ್ಲಿ ಸುತ್ತಾಡಿಸಿ ರಕ್ತ ಪರೀಕ್ಷಿಸಿದರು. ಸೋಂಕು ತಗುಲಿದ ಕೋಶಗಳನ್ನೂ ಗೆಡ್ಡೆಯ ಕೋಶಗಳನ್ನೂ ಕೊಲ್ಲುವ ‘ನ್ಯಾಚುರಲ್ ಕಿಲ್ಲರ್’ ಕೋಶಗಳು ಚುರುಕಾಗಿದ್ದವು. ರಜೆಯೇ ಇದಕ್ಕೆ ಕಾರಣವಿರಬಹುದಲ್ಲವೇ? ಲಿ ಈ ಪ್ರಶ್ನೆಯನ್ನು ಬದಿಗಿಡಲಿಲ್ಲ. ಹೋಲಿಕೆಗಾಗಿ ಮಾಡಿಸಿದ ನಗರ ಪ್ರವಾಸದಲ್ಲಿ ಅಂಥ ಏರಿಕೆ ಕಾಣಲಿಲ್ಲ. ಹೋಟೆಲ್ ಕೋಣೆಯಲ್ಲಿ ರಾತ್ರಿಯಿಡೀ ಹಿನೋಕಿ ಎಣ್ಣೆಯ ಆವಿ ಹರಡಿದಾಗಲೂ ಕೋಶಗಳು ಚುರುಕಾದವು. ಮರಗಳು ಗಾಳಿಗೆ ಬಿಡುವ ಸುಗಂಧ ದ್ರವ್ಯಗಳಿಗೂ ಇದರಲ್ಲಿ ಪಾಲಿದೆ ಎಂಬ ವಾದಕ್ಕೆ ಹೀಗೆ ಬಲ ಬಂತು.

ಜಾಣ ಪ್ರಯೋಗ, ನಿಜ. ಆದರೆ ಅದರಲ್ಲಿ ಇದ್ದವರು ಹನ್ನೆರಡೇ ಜನ, ಎಲ್ಲರೂ ಆರೋಗ್ಯವಂತರು. ಕಾಡಿಗೆ ಹೋಗುತ್ತಿದ್ದೇವೆಂದು ಅವರಿಗೆ ಗೊತ್ತಿತ್ತು. ಮಾತ್ರೆಯ ಪರೀಕ್ಷೆಯಲ್ಲಿ ಮಾಡುವಂತೆ ಅದನ್ನು ಮುಚ್ಚಿಡಲು ಬರುವುದಿಲ್ಲ. ಅದಕ್ಕಿಂತ ದೊಡ್ಡ ಕೊರತೆ ಬೇರೆಯೇ ಇದೆ. ರಕ್ತದ ಕೋಶಗಳು ಕೆಲವು ದಿನ ಚುರುಕಾದ ಮಾತ್ರಕ್ಕೆ ಆ ಮನುಷ್ಯನಿಗೆ ಕಾಯಿಲೆ ಕಡಿಮೆಯಾಗುತ್ತದೆ ಎನ್ನಲಾಗದು. ಅರಣ್ಯ ಸ್ನಾನ ಕ್ಯಾನ್ಸರ್ ತಡೆಯುತ್ತದೆ ಎಂದು ಜಾಹೀರಾತು ಬರೆಯುವವರು ಈ ಅಧ್ಯಯನಗಳು ಹೇಳದ್ದನ್ನು ಹೇಳುತ್ತಿದ್ದಾರೆ. ರೋಗಿಗಳ ಆಸೆಯ ಜೊತೆ ಹೀಗೆ ಆಡುವುದು ತಪ್ಪು.

ಮನಸ್ಸಿನ ನೆಮ್ಮದಿಯ ಮಾತು ಬೇರೆ. ಜಪಾನಿನ 24 ಕಾಡುಗಳಲ್ಲಿ 280 ಯುವಕರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಗರದಲ್ಲಿ ಇದ್ದಾಗಿನದಕ್ಕಿಂತ ಕಾಡಿನಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್, ನಾಡಿಬಡಿತ, ರಕ್ತದೊತ್ತಡ ಮೂರೂ ಇಳಿದಿದ್ದವು. ಅಮೆರಿಕದ ರೋಜರ್ ಉಲ್ರಿಚ್ 1984ರಲ್ಲೇ, ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ ಕಿಟಕಿಯಾಚೆ ಇಟ್ಟಿಗೆ ಗೋಡೆ ಕಂಡವರಿಗಿಂತ ಮರ ಕಂಡವರು ಬೇಗ ಮನೆಗೆ ಹೋದರು, ತೀವ್ರ ನೋವುನಿವಾರಕಗಳನ್ನೂ ಕಡಿಮೆ ತೆಗೆದುಕೊಂಡರು ಎಂದು ತೋರಿಸಿದ್ದರು. ಬೇರೆ ಬೇರೆ ಊರು, ಬೇರೆ ಬೇರೆ ವಿಧಾನ. ಸಿಕ್ಕ ಉತ್ತರ ಮಾತ್ರ ಒಂದೇ ದಿಕ್ಕಿನದು. ಇದನ್ನು ನಂಬಬಹುದು.

ಜಪಾನಿನ ಪ್ರಚಾರ ಪತ್ರಗಳು ಕಡಿಮೆ ಮಾತಾಡುವ ಸಂಗತಿಯೊಂದಿದೆ. ಯುದ್ಧಾನಂತರ ಮರಮಟ್ಟಿಗಾಗಿ ಬೆಟ್ಟಗಳ ತುಂಬ ಸುಗಿ (ಜಪಾನಿ ದೇವದಾರು), ಹಿನೋಕಿ ನೆಡುತೋಪುಗಳನ್ನು ಬೆಳೆಸಲಾಯಿತು. ಅವುಗಳ ಪರಾಗ ಪ್ರತಿ ವಸಂತದಲ್ಲಿ ಕೋಟ್ಯಂತರ ಜನರ ಕಣ್ಣು, ಮೂಗು ಉರಿಸುತ್ತದೆ. 2023ರಲ್ಲಿ ಸರ್ಕಾರವೇ ಸುಗಿ ತೋಪುಗಳನ್ನು ಹತ್ತು ವರ್ಷಗಳಲ್ಲಿ ಶೇ. 20ರಷ್ಟು ತಗ್ಗಿಸುವ ಯೋಜನೆ ಪ್ರಕಟಿಸಿತು. ಎಲ್ಲ ಹಸಿರೂ ಔಷಧಿಯಲ್ಲ. ಯಾವ ಕಾಡು, ಯಾವ ಋತು ಎಂದು ಕೇಳಲೇಬೇಕು.

ಅರಣ್ಯ ಸ್ನಾನ ನಮ್ಮಲ್ಲಿಗೂ ಬಂದಿದೆ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಅರಣ್ಯ ಸ್ನಾನಕ್ಕೆ 1,500 ರೂಪಾಯಿ ಶುಲ್ಕವೆಂಬ ಸುದ್ದಿ 2024ರಲ್ಲಿ ಚರ್ಚೆಗೆ ಬಂದಿತ್ತು. ಎಲ್ಲರಿಗೂ ತೆರೆದ ಉದ್ಯಾನ ಅದು. ಫೋನ್ ಕಿಸೆಯಲ್ಲಿಟ್ಟು ಒಂದು ಗಂಟೆ ಮರದಡಿ ಕೂರಲು ಹಣ ಬೇಕಿಲ್ಲ. ಯಾವ ಕಾಡು, ಯಾವ ಋತು ಎಂಬ ಪ್ರಶ್ನೆ ಮಲೆನಾಡಿನಲ್ಲಿ ಇನ್ನೂ ಗಂಭೀರ. ಇದೇ ರೂಢಿಯನ್ನು ಅಲ್ಲಿಗೆ ಒಯ್ಯುವವರು ಮಂಗನ ಕಾಯಿಲೆಯ ಬಗ್ಗೆ ಮೊದಲು ತಿಳಿದಿರಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಜ್ವರ ಉಣ್ಣೆಗಳಿಂದ ಹರಡುತ್ತದೆ, ಮಳೆಯಿಲ್ಲದ ಒಣ ತಿಂಗಳುಗಳಲ್ಲಿ ಇಂದಿಗೂ ಜೀವ ತೆಗೆಯುತ್ತದೆ. ತರಗೆಲೆಯ ಮೇಲೆ ಬರಿಗಾಲಲ್ಲಿ ನಡೆಸುವ ಶಿಬಿರ ಅಲ್ಲಿ ನಡೆಯಕೂಡದು. ಸೌದೆಗೆಂದು ದಿನವೂ ಕಾಡಿಗೆ ಹೋಗುವ ಅಲ್ಲಿನ ಹೆಂಗಸರನ್ನು ಕೇಳಿದರೆ, ಯಾವ ತಿಂಗಳು ಯಾವ ಹಾದಿ ಹಿಡಿಯಬಾರದೆಂದು ಹೇಳಿಯಾರು.