ಮಿತಾಕ್ಷರೆಯಲ್ಲಿ ಗ್ರಾಮಸಮಯವೂ ಗೋಪ್ರಚಾರಭೂಮಿಯೂ

ಚಿತ್ತಾಪುರದ ಸೀಮೆಯಲ್ಲಿ ಶಹಾಬಾದಿಗೆ ಸಮೀಪದಲ್ಲಿರುವ ಮರತೂರು ವಿಜ್ಞಾನೇಶ್ವರನ ಊರೆಂಬುದು ಆ ಪ್ರಾಂತದಲ್ಲಿ ಪ್ರಸಿದ್ಧವಾದ ಐತಿಹ್ಯ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076-1126) ಆತನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರೆಯನ್ನು ಬಹುಜನರು ಅವಿಭಕ್ತ ಕುಟುಂಬದ ಶಾಸ್ತ್ರವೆಂದು ಮಾತ್ರ ಬಲ್ಲರು. 1810ರಲ್ಲಿ ಕೋಲ್‌ಬ್ರೂಕನು ಅದರ ದಾಯವಿಭಾಗವನ್ನಷ್ಟೇ ಇಂಗ್ಲಿಷಿಗೆ ತಂದನು. ನ್ಯಾಯಸ್ಥಾನಗಳು ಅದನ್ನೇ ಆಧಾರವಾಗಿ ಹಿಡಿದವು. ಊರಿನ ಸಾಮಾನ್ಯಭೂಮಿಯನ್ನು ಕುರಿತ ಭಾಗವು ಮರೆಯಲ್ಲಿಯೇ ಉಳಿಯಿತು.

ಈ ವಿಷಯದಲ್ಲಿ ವ್ಯಾಖ್ಯಾನಕಾರನ ಮಾತುಗಳು ಮೇಲುನೋಟಕ್ಕೆ ಪರಸ್ಪರವಿರುದ್ಧವಾಗಿ ತೋರುತ್ತವೆ. ಭೂಮಿಯು ಕೈಬದಲಾಗುವಾಗ ಗ್ರಾಮ, ಜ್ಞಾತಿ, ಸಾಮಂತ, ದಾಯಾದರ ಅನುಮತಿ ಬೇಕೆಂಬ ಸ್ಮೃತಿವಚನವನ್ನೆತ್ತಿಕೊಂಡು, ಗ್ರಾಮದ ಅನುಮತಿಯು ವ್ಯವಹಾರವು ಪ್ರಕಾಶವಾಗಲೆಂದು ಮಾತ್ರ, ಅದಿಲ್ಲದಿದ್ದರೆ ವ್ಯವಹಾರವೇ ಅಸಿದ್ಧವೆಂದಲ್ಲ, ಎಂದು ಆತನು ನಿರ್ಣಯಿಸುವನು. ಸಾಮಂತರ, ಎಂದರೆ ನೆರೆಹೊಲದವರ, ಅನುಮತಿಯು ಎಲ್ಲೆಯ ವಿವಾದ ಹುಟ್ಟದಿರಲೆಂದು. ಇಷ್ಟನ್ನೇ ಓದಿದವರಿಗೆ ಊರು ಬರಿಯ ಸಾಕ್ಷಿಯೆನ್ನಿಸುವುದು ಸಹಜ.

ಆದರೆ ಸ್ವಾಮಿಪಾಲವಿವಾದಪ್ರಕರಣದಲ್ಲಿ ಗೋಪ್ರಚಾರಭೂಮಿಯನ್ನು ಬಿಡುವುದಕ್ಕೆ ಮೂಲಸ್ಮೃತಿಯು ಹೇಳುವ ಮೂರು ನಿಯಾಮಕಗಳಲ್ಲಿ ಗ್ರಾಮದವರ ಇಚ್ಛೆಯೇ ಮೊದಲನೆಯದು; ಭೂಮಿಯ ಅಲ್ಪತ್ವಮಹತ್ವವೂ ರಾಜನ ಇಚ್ಛೆಯೂ ಅನಂತರದವು. ಊರಿಗೂ ಹೊಲಗಳಿಗೂ ನಡುವೆ 100 ಧನುಸ್ಸುಗಳ ಅಂತರವಿರಬೇಕೆಂಬ ವಿಧಿಯೂ ಅಲ್ಲಿಯೇ ಉಂಟು. ಸಂವಿದ್ವ್ಯತಿಕ್ರಮಪ್ರಕರಣದಲ್ಲಿ, ಜನರು ಕೂಡಿ ಮಾಡಿಕೊಂಡ ಸಮಯದಿಂದ ಹುಟ್ಟಿದ ಧರ್ಮಕ್ಕೆ ವಿಜ್ಞಾನೇಶ್ವರನು ಕೊಡುವ ಉದಾಹರಣೆಗಳು ಗೋಪ್ರಚಾರ, ಉದಕರಕ್ಷಣ, ದೇವಗೃಹಪಾಲನ ಮುಂತಾದುವು. ಇಂತಹ ಸಂವಿದವನ್ನು ಮೀರಿದವನಿಗೂ ಗಣದ್ರವ್ಯವನ್ನು ಅಪಹರಿಸಿದವನಿಗೂ ಸ್ಮೃತಿಯು ಸರ್ವಸ್ವಹರಣವನ್ನೂ ರಾಷ್ಟ್ರದಿಂದ ಹೊರಗಟ್ಟುವುದನ್ನೂ ವಿಧಿಸಿರುವುದು.

ವಿರೋಧವು ತೋರಿಕೆಯದು ಮಾತ್ರ. ಮೊದಲನೆಯ ವಾಕ್ಯವು ಒಡೆಯನಿರುವ ಹೊಲಕ್ಕೆ ಸಂಬಂಧಿಸಿದುದು. ಸ್ವತ್ವವು ಲೌಕಿಕವೆಂದು ಸಾಧಿಸಿದ ವ್ಯಾಖ್ಯಾನಕಾರನು ಅಲ್ಲಿ ಊರಿಗೆ ತಡೆಯುವ ಅಧಿಕಾರವನ್ನು ಕೊಡಲಿಲ್ಲ. ಒಬ್ಬನೊಬ್ಬನದಲ್ಲದ ಹುಲ್ಲು ನೀರುಗಳಲ್ಲಾದರೋ ಊರಿನ ಒಪ್ಪಂದವೇ ಧರ್ಮ. ರಾಜನು ಅದರ ರಕ್ಷಕನು.

ಹೀಗಿದ್ದರೂ ಈ ವ್ಯವಸ್ಥೆಯಲ್ಲಿ ಒಂದು ನ್ಯೂನತೆಯನ್ನು ಒಪ್ಪಲೇಬೇಕು. ಎಲ್ಲೆಯನ್ನು ನಿರ್ಣಯಿಸುವಾಗ ಸ್ಮೃತಿಯು ಗೋವಳರನ್ನೂ ವನಚರರನ್ನೂ ಕರೆಯುವುದು. ಸಮೂಹಕಾರ್ಯವನ್ನು ಚಿಂತಿಸುವವರು ಧರ್ಮಜ್ಞರೂ ಶುಚಿಗಳೂ ಅಲುಬ್ಧರೂ ಆಗಿರಬೇಕೆನ್ನುವುದು. ಆದರೆ ಹೊಲವಿಲ್ಲದವನ ಮಾತಿಗೆ ಆ ಸಮೂಹದಲ್ಲಿ ಎಷ್ಟು ಬೆಲೆಯೆಂಬುದನ್ನು ಮೂಲವೂ ವಿವರಿಸದು, ವ್ಯಾಖ್ಯಾನವೂ ವಿವರಿಸದು. ಹುಲ್ಲುಗಾವಲು ಹೋದರೆ ಮೊದಲು ಕೆಡುವುದು ಅವನ ಬಾಳೇ.

1964ರ ಕರ್ನಾಟಕ ಭೂಕಂದಾಯ ಅಧಿನಿಯಮದಲ್ಲಿ ಸರ್ಕಾರಿ ಭೂಮಿಯನ್ನು ಹುಲ್ಲುಗಾವಲಿಗೆಂದು ಕಾದಿರಿಸುವ ಅಧಿಕಾರವು ಜಿಲ್ಲಾಧಿಕಾರಿಗೆ ಸೇರಿದುದು. ಯಾಜ್ಞವಲ್ಕ್ಯನ ಕೊನೆಯ ನಿಯಾಮಕವು ಇಲ್ಲಿ ಮೊದಲನೆಯದಾಯಿತು. ಒತ್ತುವರಿಯಾದ ಗ್ರಾಮಸಾಮಾನ್ಯಭೂಮಿಗಳನ್ನು ಬಿಡಿಸಿ ಊರಿನವರ ಉಪಯೋಗಕ್ಕೆ ಮರಳಿಸಬೇಕೆಂದು 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಜಗಪಾಲ್ ಸಿಂಗ್ ಪ್ರಕರಣದಲ್ಲಿ ರಾಜ್ಯಗಳಿಗೆ ಆಜ್ಞಾಪಿಸಿತು. ಆದರೆ ರಾಜಾಜ್ಞೆಯು ಬಿಡಿಸಿಕೊಟ್ಟ ಭೂಮಿಯನ್ನು ಕಾಯತಕ್ಕದ್ದು ಗ್ರಾಮಸಮಯವೇ. ಆದುದರಿಂದ ದಾಯವಿಭಾಗದೊಡನೆ ಸಂವಿದ್ವ್ಯತಿಕ್ರಮವನ್ನೂ ಓದದೆ ಮಿತಾಕ್ಷರೆಯನ್ನು ಓದಿದಂತಾಗದು.