ಅಮೆರಿಕದ ಟಿಕೆಟ್ಟಿಗೊಂದು ವ್ಯಾಖ್ಯಾನ

ಮಗನೋ ಮಗಳೋ ಅಮೆರಿಕದಿಂದ ಬುಕ್ ಮಾಡಿ ವಾಟ್ಸಾಪಿಗೆ ಕಳಿಸುವ ಟಿಕೆಟ್ಟಿನಲ್ಲಿ ಊರು, ಹೊತ್ತು ಎಲ್ಲ ಇರುತ್ತದೆ. ಯಾವ ದೇಶದ ಬಾಗಿಲನ್ನು ಎಲ್ಲಿ ದಾಟಬೇಕು ಎನ್ನುವುದು ಮಾತ್ರ ಇರುವುದಿಲ್ಲ. ಬೆಂಗಳೂರಿನಿಂದ ನಾರ್ತ್ ಕೆರೋಲಿನಾದ ರಾಲಿಗೆ ಹೊರಟ ಅಪ್ಪ ಅಮ್ಮನ ಟಿಕೆಟ್ಟೊಂದನ್ನು ಆ ಕಣ್ಣಿನಿಂದ ಓದೋಣ.

ಬಿಎಲ್‌ಆರ್ – ಎಫ್‌ಆರ್‌ಎ – ಓಆರ್‌ಡಿ – ಆರ್‌ಡಿಯು

ಬೆಂಗಳೂರು, ಫ್ರಾಂಕ್‌ಫರ್ಟ್, ಷಿಕಾಗೋ, ರಾಲಿ. (ಷಿಕಾಗೋದ ಓಹೇರ್ ನಿಲ್ದಾಣ ಹಿಂದೆ ಆರ್ಚರ್ಡ್ ಫೀಲ್ಡ್ ಆಗಿತ್ತು, ಓಆರ್‌ಡಿ ಅದರ ಪಳೆಯುಳಿಕೆ.) ವಿಮಾನ ಬದಲಿಸುವುದು ಎರಡು ಕಡೆ. ಕಾಗದದ ಮೇಲೆ ಎರಡೂ ಒಂದೇ ಥರ ಕಂಡರೂ ನಡುವೆ ಅಜಗಜಾಂತರ.

ಫ್ರಾಂಕ್‌ಫರ್ಟಿನಲ್ಲಿ ನೀವು ಜರ್ಮನಿಯೊಳಗೆ ಕಾಲಿಡುವುದೇ ಇಲ್ಲ. ಇಳಿದು, ಬೋರ್ಡು ನೋಡಿಕೊಂಡು, ಇನ್ನೊಂದು ಗೇಟಿಗೆ ನಡೆದರಾಯಿತು. ಷಿಕಾಗೋದಲ್ಲಿ ಹಾಗಾಗದು. ಅಮೆರಿಕದ ನಿಲ್ದಾಣಗಳಲ್ಲಿ ದೇಶದ ಹೊರಗೇ ಉಳಿದು ಕಾಯುವ ಜಾಗವೆಂಬುದಿಲ್ಲ. ಒಳನಾಡಿನ ವಿಮಾನ, ಹೊರದೇಶದ ವಿಮಾನ ಎರಡೂ ಅಕ್ಕಪಕ್ಕದ ಗೇಟುಗಳಿಂದ ಹೊರಡುತ್ತವೆ. ದೇಶ ಬಿಟ್ಟು ಹೋಗುವವರಿಗೆ ಇಮಿಗ್ರೇಷನ್ ಕೌಂಟರೂ ಇಲ್ಲ. ಹೀಗಾಗಿ ಇಳಿದವರೆಲ್ಲ ಮೊದಲು ದೇಶದೊಳಗೆ ಬರಲೇಬೇಕು. ಮೆಕ್ಸಿಕೋಗೆ ಹೋಗುವ ದಾರಿಯಲ್ಲಿ ಎರಡು ಗಂಟೆ ಇಳಿಯುವ ಭಾರತೀಯರಿಗೂ ಅಮೆರಿಕದ ವೀಸಾ ಬೇಕು.

ಪ್ರಯಾಣದ ದಾಖಲೆಗಳು ಪ್ರಯಾಣಿಕರ ಹೊಣೆ

ಆದರೂ ಬೆಂಗಳೂರಿನ ಕೌಂಟರಿನಲ್ಲೇ ವೀಸಾ ತಿರುವಿ ನೋಡುತ್ತಾರೆ. ಕಾಗದ ಸರಿಯಿಲ್ಲದವರನ್ನು ಕರೆದೊಯ್ದರೆ ದಂಡ ಬೀಳುವುದು ವಿಮಾನ ಕಂಪನಿಗೆ. ಒಂದು ಎಚ್ಚರ: ಟಿಕೆಟ್ ಅಗ್ಗವೆಂದು ಫ್ರಾಂಕ್‌ಫರ್ಟ್, ಮ್ಯೂನಿಕ್ ಎರಡನ್ನೂ ಹಾಯುವ ದಾರಿ ಹಿಡಿದರೆ ಆ ನಡುವಿನ ಹಾರಾಟಕ್ಕೆ ಷೆಂಗನ್ ವೀಸಾ ಬೇಕಾಗುತ್ತದೆ.

ಪಿಎನ್‌ಆರ್: ಒಂದು

ಒಳ್ಳೆಯದಾಯಿತು. ಬೇರೆಬೇರೆ ಟಿಕೆಟ್ಟಾಗಿದ್ದರೆ, ಮೊದಲ ವಿಮಾನ ತಡವಾದಾಗ ಎರಡನೆಯ ಕಂಪನಿ ಕೈತೊಳೆದುಕೊಳ್ಳುತ್ತಿತ್ತು.

ಲಗೇಜ್: ಆರ್‌ಡಿಯು ವರೆಗೆ

ಹೆಚ್ಚು ಜನ ಎಡವುವುದು ಈ ಸಾಲಿನಲ್ಲಿ. ಸೂಟ್‌ಕೇಸಿಗೆ ಕಟ್ಟಿದ ಪಟ್ಟಿಯಲ್ಲೂ ಆರ್‌ಡಿಯು ಎಂದೇ ಇರುತ್ತದೆ, ಕೌಂಟರಿನವರೂ ‘ರಾಲಿಯಲ್ಲೇ ಸಿಗುತ್ತೆ ಸರ್’ ಎಂದು ಬಿಡುತ್ತಾರೆ. ಫ್ರಾಂಕ್‌ಫರ್ಟಿನ ಮಟ್ಟಿಗೆ ಸರಿ, ಅಲ್ಲಿ ಮುಟ್ಟಬೇಕಿಲ್ಲ. ಷಿಕಾಗೋದಲ್ಲಿ ಮಾತ್ರ ಇಮಿಗ್ರೇಷನ್ ಮುಗಿಸಿ ಬೆಲ್ಟಿನಿಂದ ನೀವೇ ಇಳಿಸಿಕೊಂಡು ಕಸ್ಟಮ್ಸ್ ದಾಟಿಸಬೇಕು. ಹೊರಬಾಗಿಲ ಪಕ್ಕದಲ್ಲೇ ಮತ್ತೆ ಒಪ್ಪಿಸಿಕೊಳ್ಳುವವರು ಇರುತ್ತಾರೆ. ಪಟ್ಟಿ ಹಾಗೇ ಇರಲಿ, ಕೀಳಬೇಡಿ. ಡ್ಯೂಟಿ ಫ್ರೀಯಲ್ಲಿ ಕೊಂಡ ಬಾಟಲಿಯನ್ನು ಸೂಟ್‌ಕೇಸಿಗೆ ಸೇರಿಸಲು ಇದೇ ಸಮಯ. ಮುಂದೆ ಇನ್ನೊಂದು ಸೆಕ್ಯೂರಿಟಿ ತಪಾಸಣೆಯಿದೆ, ಕೈಚೀಲದಲ್ಲಿ 100 ಮಿಲಿಲೀಟರಿನ ನಿಯಮ ಮತ್ತೆ ಶುರು.

ಕಸ್ಟಮ್ಸಿನಲ್ಲಿ ನಮ್ಮವರ ದೊಡ್ಡ ಚಿಂತೆ ದುಡ್ಡಲ್ಲ, ತಿಂಡಿ. (ಮನೆಮಂದಿಯ ಬಳಿ ಒಟ್ಟು 10,000 ಡಾಲರಿಗಿಂತ ಹೆಚ್ಚು ಇದ್ದರೆ ಹೇಳಬೇಕು, ಅಷ್ಟೆ.) ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ಯುವ ಹಸಿ ಕರಿಬೇವಿಗೆ ಅಲ್ಲಿ ಪ್ರವೇಶವಿಲ್ಲ. ಕಿತ್ತಳೆ ನಿಂಬೆ ಮರಗಳನ್ನು ಕೊಲ್ಲುವ ‘ಗ್ರೀನಿಂಗ್’ ರೋಗವನ್ನು ಹರಡುವ ಪುಟ್ಟ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. 2005ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ಆ ರೋಗ ಅಲ್ಲಿನ ಕಿತ್ತಳೆ ತೋಟಗಳನ್ನು ನೆಲಕಚ್ಚಿಸಿತು. ಅಧಿಕಾರಿಯ ಗದರಿಕೆಗೆ ಕಾರಣ ಇಲ್ಲದಿಲ್ಲ. ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಹೆಚ್ಚೆಂದರೆ ಆ ಪೊಟ್ಟಣ ಕಸದ ಬುಟ್ಟಿಗೆ ಹೋಗುತ್ತದೆ. ಬಚ್ಚಿಟ್ಟು ಸಿಕ್ಕಿಬಿದ್ದರೆ ದಂಡ.

ಷಿಕಾಗೋ: ಬಿಡುವು 2 ಗಂಟೆ 15 ನಿಮಿಷ

ಇದನ್ನು ಬಿಡುವೆಂದು ಕರೆದವರು ಆ ಸಾಲಿನಲ್ಲಿ ನಿಂತವರಲ್ಲ. ಬೆರಳಚ್ಚು, ಫೋಟೋ, ಆಮೇಲೆ ‘ಯಾರ ಮನೆಗೆ? ಎಷ್ಟು ದಿನ?’ ಎಂಬ ಪ್ರಶ್ನೆ. ಹತ್ತು ವರ್ಷದ ವೀಸಾ ಇದೆಯೆಂದು ಹತ್ತು ವರ್ಷ ಇರಲಾಗದು. ಎಲ್ಲಿಯವರೆಗೆ ಇರಬಹುದೆಂದು ಗೊತ್ತು ಮಾಡುವುದು ಈ ಅಧಿಕಾರಿ. ನೋಡಲು ಬಂದ ತಂದೆತಾಯಿಗೆ ಸಾಮಾನ್ಯವಾಗಿ ಆರು ತಿಂಗಳು. ಆ ತಾರೀಖು ಐ-94 ಎಂಬ ದಾಖಲೆಯಲ್ಲಿರುತ್ತದೆ, ಆನ್‌ಲೈನಿನಲ್ಲಿ ತೆಗೆದು ನೋಡಿಕೊಳ್ಳಬೇಕು. ಇದಿಷ್ಟಾಗಿ ಬೇರೆ ಟರ್ಮಿನಲ್ಲಿಗೆ ರೈಲು ಹಿಡಿಯಬೇಕು. ಮೂರು ಗಂಟೆಗಿಂತ ಕಡಿಮೆ ಬಿಡುವಿನ ಟಿಕೆಟ್ಟನ್ನು ಮಕ್ಕಳು ಬುಕ್ ಮಾಡಬಾರದೆಂದೇ ನನ್ನ ವಾದ.

ಅಬುಧಾಬಿ ದಾರಿಯಾದರೆ ಇನ್ನೊಂದು ಅನುಕೂಲವಿದೆ. 2014ರಿಂದ ಅಮೆರಿಕದ ಇಮಿಗ್ರೇಷನ್ ಮತ್ತು ಕಸ್ಟಮ್ಸ್ ಅಧಿಕಾರಿಗಳು ಅಲ್ಲೇ ಕೂತಿದ್ದಾರೆ. ಎಲ್ಲ ವಿಚಾರಣೆ ಅಲ್ಲಿಯೇ ಮುಗಿದು, ಅಮೆರಿಕದಲ್ಲಿ ಇಳಿಯುವಾಗ ಒಳನಾಡಿನ ಪ್ರಯಾಣಿಕರಂತೆ ನೇರ ಹೊರಬರಬಹುದು.

ಆರ್‌ಡಿಯು: ಆಗಮನ

ಇಲ್ಲಿ ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ. ಮಗಳು ಬೆಲ್ಟಿನ ಹತ್ತಿರವೇ ಬಂದು ನಿಲ್ಲಬಹುದು. ವಾಪಸು ಬರುವಾಗ ದೆಹಲಿ ಅಥವಾ ಮುಂಬೈ ಮೂಲಕ ಟಿಕೆಟ್ ಇದ್ದರೆ ಸಾಮಾನ್ಯವಾಗಿ ಷಿಕಾಗೋದ ಕೆಲಸವೇ ಅಲ್ಲಿ ಮತ್ತೊಮ್ಮೆ: ಇಮಿಗ್ರೇಷನ್, ಬೆಲ್ಟು, ಕಸ್ಟಮ್ಸ್, ಬೆಂಗಳೂರಿಗೆ ಪುನಃ ಲಗೇಜ್ ಒಪ್ಪಿಸುವುದು.